ಹವಳದ ಜಲಾಗಾರದಲ್ಲಿ ದೀಪಸ್ಥಾಪನೆಯ ವಿಚಾರ

ಸಮುದ್ರದ ಹವಳವನ್ನು ತೊಟ್ಟಿಯೊಳಗಿಟ್ಟು ಬದುಕಿಸುವ ವಿದ್ಯೆ ಬಹಳ ಪ್ರಾಚೀನವಾದುದಲ್ಲವಾದರೂ, ಅದನ್ನು ಕುರಿತು ನಡೆದಿರುವ ವಾದವಿವಾದಗಳು ಮಾತ್ರ ಹೇರಳವಾಗಿವೆ. ಅವುಗಳಲ್ಲಿ ಅತಿ ದೀರ್ಘವಾದುದು ದೀಪವನ್ನು ಕುರಿತ ವಾದ. ಯಾವ ಬಗೆಯ ದೀಪ, ಎಷ್ಟು ವಾಟ್, ನೀಲಿ ಎಷ್ಟು, ಬಿಳಿ ಎಷ್ಟು ಎಂಬ ಪ್ರಶ್ನೆಗಳ ಮೇಲೆ ಹವಳ ಸಾಕುವವರು ವ್ಯಯಿಸಿರುವ ಉತ್ಸಾಹದ ಕಾಲುಭಾಗವನ್ನಾದರೂ, ಆ ದೀಪವನ್ನು ಎಲ್ಲಿ, ಎಷ್ಟು ಎತ್ತರದಲ್ಲಿ, ಯಾವ ಓರೆಯಲ್ಲಿ, ಒಂದರಿಂದೊಂದಕ್ಕೆ ಎಷ್ಟು ಅಂತರವಿಟ್ಟು ತೂಗಿಸಬೇಕೆಂಬ ಪ್ರಶ್ನೆಯ ಮೇಲೆ ವ್ಯಯಿಸಿದಂತೆ ಕಾಣುವುದಿಲ್ಲ. ತೊಟ್ಟಿ ಎರಡು ಮೂರು ಅಡಿಯದಾಗಿರುವವರೆಗೆ ಈ ಅಲಕ್ಷ್ಯದಿಂದ ವಿಶೇಷ ಹಾನಿಯೇನೂ ಆಗದು. ನಡುವೆ ಒಂದು ದೀಪವನ್ನು ತೂಗಿಸಿದರೆ ಕೆಲಸ ಮುಗಿಯಿತು. ತೊಟ್ಟಿಯು ಹತ್ತು ಹನ್ನೆರಡು ಅಡಿ ಉದ್ದವೂ ಮೂರು ನಾಲ್ಕು ಅಡಿ ಆಳವೂ ಉಳ್ಳದ್ದಾಗಿ, ಅದರೊಳಗೆ ಕಲ್ಲಿನ ಗುಡ್ಡಗಳೂ ಕಮಾನುಗಳೂ ಗವಿಗಳೂ ಎದ್ದಾಗ ಮಾತ್ರ, ದೀಪದ ಶಕ್ತಿಗಿಂತ ದೀಪದ ನೆಲೆಯೇ ಹೆಚ್ಚಿನ ಮಾತೆಂಬುದು ವ್ಯಕ್ತವಾಗುತ್ತದೆ. ಈ ಲೇಖನದ ಪ್ರತಿಪಾದ್ಯವೂ ಅದೇ.

ಹವಳಕ್ಕೆ ಬೆಳಕೇಕೆ ಬೇಕೆಂಬುದನ್ನು ಮೊದಲು ಸಂಕ್ಷೇಪವಾಗಿ ಹೇಳಬೇಕು. ಹವಳವು ಪ್ರಾಣಿ, ಸಸ್ಯವಲ್ಲ. ಆದರೆ ಉಷ್ಣವಲಯದ ದಿಬ್ಬಗಳನ್ನು ಕಟ್ಟುವ ಹವಳಗಳ ಅಂಗಾಂಶದೊಳಗೆ ಜೂಕ್ಸಾಂತೆಲ್ಲೆ ಎಂಬ ಏಕಕೋಶ ಶೈವಲಗಳು ನೆಲಸಿದ್ದು, ದ್ಯುತಿಸಂಶ್ಲೇಷಣೆಯಿಂದ ತಾವು ಸಿದ್ಧಪಡಿಸಿದ ಆಹಾರದ ಬಹುಪಾಲನ್ನು ತಮಗೆ ಆಶ್ರಯವಿತ್ತ ಪ್ರಾಣಿಗೆ ಒಪ್ಪಿಸುತ್ತವೆ. 1928-29ರಲ್ಲಿ ಆಸ್ಟ್ರೇಲಿಯದ ಲೋ ಐಲ್ಸ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ವಿಜ್ಞಾನಿಗಳ ತಂಡದ ನಾಯಕರಾದ ಸಿ. ಎಂ. ಯಂಗ್ ಅವರು ಹವಳಗಳನ್ನು ಬೆಳಕು ಸುಳಿಯದ ಪೆಟ್ಟಿಗೆಗಳಲ್ಲಿ ತಿಂಗಳುಗಟ್ಟಲೆ ಇರಿಸಿ ನೋಡಿದಾಗ, ಅವು ಶೈವಲಗಳನ್ನು ಕಳೆದುಕೊಂಡು ಬಿಳಿಚಿಕೊಂಡವಾದರೂ ಆಹಾರ ದೊರೆತಷ್ಟು ಕಾಲ ಜೀವಿಸಿದ್ದವು. ಇದರಿಂದ, ಶೈವಲವು ಹವಳಕ್ಕೆ ಉಣಿಸುವುದಿಲ್ಲವೆಂಬ ತೀರ್ಮಾನಕ್ಕೆ ಯಂಗ್ ಬಂದರು. ಆ ತೀರ್ಮಾನವನ್ನು ಮುಂದಿನವರು ತಿದ್ದಬೇಕಾಯಿತು. 1959ರಲ್ಲಿ ಥಾಮಸ್ ಗೊರೋ ಅವರು ಜಮೈಕದ ಹವಳಗಳ ಮೇಲೆ ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ ನಡೆಸಿದ ಪ್ರಯೋಗಗಳು, ಹವಳವು ತನ್ನ ಸುಣ್ಣದ ಅಸ್ಥಿಯನ್ನು ಕತ್ತಲೆಯಲ್ಲಿ ಕಟ್ಟುವುದಕ್ಕಿಂತ ಬೆಳಕಿನಲ್ಲಿ ಹಲವು ಪಟ್ಟು ವೇಗವಾಗಿ ಕಟ್ಟುತ್ತದೆಂದು ತೋರಿಸಿದವು. ಬರಿದೆ ಬದುಕುವುದಕ್ಕೆ ಆಹಾರವಿದ್ದರೆ ಸಾಕಾದೀತು. ಬೆಳೆಯುವುದಕ್ಕೆ ಬೆಳಕು ಬೇಕೇ ಬೇಕು.

ಎಷ್ಟು ಬೇಕು? ಉಷ್ಣವಲಯದ ಮಧ್ಯಾಹ್ನದಲ್ಲಿ ಸಮುದ್ರದ ಮೇಲ್ಮೈಯ ಒಂದು ಚದರ ಮೀಟರಿನ ಮೇಲೆ ಒಂದು ಸೆಕೆಂಡಿಗೆ ಬೀಳುವ, ಸಸ್ಯಗಳಿಗೆ ಉಪಯುಕ್ತವಾದ ಬೆಳಕಿನ ಪ್ರಮಾಣ ಸುಮಾರು 2000 ಮೈಕ್ರೋಮೋಲ್ ಫೋಟಾನುಗಳು. ಹವಳಕ್ಕೆ ಅಷ್ಟೂ ಬೇಕಿಲ್ಲ. ತೊಟ್ಟಿಗಳ ಅನುಭವದಿಂದ ರೂಢಿಗೆ ಬಂದಿರುವ ಲೆಕ್ಕದಂತೆ, ಮೆದು ಹವಳಗಳಿಗೆ 50ರಿಂದ 150ರವರೆಗೂ, ಕವಲೊಡೆದು ಬೆಳೆಯುವ ಆಕ್ರೊಪೊರ ಜಾತಿಗೆ 250ರಿಂದ 400ರವರೆಗೂ ದೊರೆತರೆ ತೃಪ್ತಿಕರ. ಒಂದು ಮಿತಿಯನ್ನು ದಾಟಿದ ಮೇಲೆ ಬೆಳಕು ಹೆಚ್ಚಿದಂತೆಲ್ಲ ದ್ಯುತಿಸಂಶ್ಲೇಷಣೆ ಹೆಚ್ಚುವುದಿಲ್ಲ. ಇನ್ನೂ ಮೀರಿದರೆ ಅದು ಕುಗ್ಗುತ್ತದೆ. ಆದುದರಿಂದ ದೊಡ್ಡ ತೊಟ್ಟಿಯ ಯಜಮಾನನ ನಿಜವಾದ ಸಂಕಟ ಬೆಳಕಿನ ಅಭಾವವಲ್ಲ, ಅದರ ವಿಷಮ ವಿತರಣೆ: ದೀಪದ ನೇರ ಕೆಳಗಿನ ಬಂಡೆಯ ತುದಿಯಲ್ಲಿ 800, ಅಲ್ಲಿಂದ ಒಂದೂವರೆ ಅಡಿ ಆಚೆಯ ಇಳಿಜಾರಿನಲ್ಲಿ 60 ಎಂಬಂಥ ಸ್ಥಿತಿ.

ಈ ವಿಷಮತೆಯ ಮೂಲವನ್ನು ಅರಿಯಬೇಕಾದರೆ ಸೂರ್ಯನಿಗೂ ದೀಪಕ್ಕೂ ಇರುವ ಭೇದವನ್ನು ವಿಚಾರಿಸಬೇಕು. ಸೂರ್ಯನು ನಮ್ಮಿಂದ ಹದಿನೈದು ಕೋಟಿ ಕಿಲೋಮೀಟರು ದೂರದಲ್ಲಿದ್ದಾನೆ. ಅಷ್ಟು ದೂರವನ್ನು ದಾಟಿ ಬಂದ ಕಿರಣಗಳಿಗೆ ಇನ್ನೂ ಒಂದು ಮೀಟರು ಕೆಳಗಿಳಿಯುವುದು ಲೆಕ್ಕಕ್ಕೇ ಬಾರದ ಸಂಗತಿ. ಸಮುದ್ರದಲ್ಲಿ ಆಳಕ್ಕಿಳಿದಂತೆ ಬೆಳಕು ಕುಂದುವುದು ನೀರು ಅದನ್ನು ಹೀರುವುದರಿಂದಲೂ ಚದರಿಸುವುದರಿಂದಲೂ ಮಾತ್ರವೇ ಹೊರತು ದೂರದಿಂದಲ್ಲ. ದೀಪದ ವಿಷಯ ಬೇರೆ. ಅದು ಬಿಂದುವಿನಂತಿದ್ದರೆ, ದೂರ ಎರಡು ಪಟ್ಟಾದಾಗ ಬೆಳಕು ಕಾಲುಭಾಗಕ್ಕೂ ಮೂರು ಪಟ್ಟಾದಾಗ ಒಂಬತ್ತನೆಯ ಒಂದಂಶಕ್ಕೂ ಇಳಿಯುತ್ತದೆ. ನೀರಿನ ಮಟ್ಟದಿಂದ 30 ಸೆಂಟಿಮೀಟರು ಮೇಲೆ ತೂಗುವ ದೀಪಕ್ಕೆ 60 ಸೆಂಟಿಮೀಟರು ಆಳದ ತಳವು ಮೂರು ಪಟ್ಟು ದೂರ. ನೀರಿಗಿಳಿದ ಕಿರಣಗಳು ವಕ್ರೀಭವನದಿಂದ ಲಂಬದ ಕಡೆಗೆ ಬಾಗಿ ಹರಡುವಿಕೆ ತುಸು ತಗ್ಗುವುದರಿಂದ, ನಷ್ಟವು ಒಂಬತ್ತನೆಯ ಒಂದರ ಬದಲು ಸುಮಾರು ಆರನೆಯ ಒಂದರಲ್ಲಿ ನಿಲ್ಲುತ್ತದೆ. ಆದರೂ ಮೇಲ್ಮೈಯಲ್ಲಿ ಉರಿಬಿಸಿಲು, ತಳದಲ್ಲಿ ಮುಸ್ಸಂಜೆ ಎಂಬ ಸ್ಥಿತಿ ತಪ್ಪದು. ಅದೇ ದೀಪವನ್ನು ಎರಡು ಮೀಟರು ಎತ್ತರಕ್ಕೇರಿಸಿ ಲೆಕ್ಕ ಹಾಕಿದರೆ, ಅದೇ ತಳಕ್ಕೆ ಮೇಲ್ಮೈಯ ಬೆಳಕಿನ ಮೂರರಲ್ಲಿ ಎರಡು ಪಾಲು ಮುಟ್ಟುತ್ತದೆ. ದೀಪವು ಮೇಲಕ್ಕೇರಿದಷ್ಟೂ ಸೂರ್ಯನ ಸ್ವಭಾವಕ್ಕೆ ಸಮೀಪವಾಗುತ್ತದೆಂಬ ಈ ಸಂಗತಿಯೇ ದೀಪಸ್ಥಾಪನೆಯ ವಿಚಾರದ ತಿರುಳು.

ಆದರೆ ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಉಂಟು. ಎತ್ತರಕ್ಕೇರಿದ ದೀಪದ ಬೆಳಕು ತೊಟ್ಟಿಯ ಬಾಯಿಯೊಳಗೇ ಬೀಳಬೇಕಾದರೆ ಕಿರಣಗಳನ್ನು ಕಿರಿದಾದ ಕೋನದಲ್ಲಿ ಕಟ್ಟಿ ಕಳುಹಿಸುವ ಪ್ರತಿಫಲಕವೋ ಮಸೂರವೋ ಬೇಕು, ದೀಪವೂ ಬಲವತ್ತರವಾಗಿರಬೇಕು, ಹಾಗೆ ಮಾಡಿದರೂ ಸುತ್ತಣ ನೆಲಗೋಡೆಗಳ ಮೇಲೆ ಒಂದಷ್ಟು ಚೆಲ್ಲಿಯೇ ಚೆಲ್ಲುತ್ತದೆ. ಮನೆಯ ತೊಟ್ಟಿಯ ಯಜಮಾನರು ದೀಪವನ್ನು ತಗ್ಗಿಸಿ ತೂಗಿಸುವುದಕ್ಕೆ ಕಣ್ಣು ಕೋರೈಸುವ ಈ ಚೆಲ್ಲುಬೆಳಕೇ ಕಾರಣವೆಂದು ತೋರುತ್ತದೆ. ಕೂಟದಲ್ಲಿ ಕುಳಿತ ಹಿರಿಯರು ಗೊಣಗಿದರೆಂದು ದೀಪ ಒಂದು ಮೊಳ ಕೆಳಗಿಳಿದ ಮನೆಗಳು ಎಷ್ಟಿಲ್ಲ!

ತೊಟ್ಟಿಯ ಗೋಡೆಗಳ ಪಾತ್ರವನ್ನು ಇಲ್ಲಿ ಮರೆಯಬಾರದು. ಗಾಜಿನ ತೊಟ್ಟಿಯೊಳಗಿನ ನೀರಿನಿಂದ ಪಕ್ಕದ ಗಾಜಿಗೆ ತಾಗುವ ಕಿರಣವು, ಹೊರಗಿನ ಗಾಳಿಯನ್ನು ಸೇರುವ ಬದಲು ಸಂಪೂರ್ಣ ಆಂತರಿಕ ಪ್ರತಿಫಲನಕ್ಕೆ ಒಳಗಾಗಿ ನೀರಿಗೇ ಮರಳುವುದು ಸಾಮಾನ್ಯ. ಲೆಕ್ಕ ಮಾಡಿ ನೋಡಿದರೆ, ಲಂಬದಿಂದ ಸುಮಾರು 60 ಡಿಗ್ರಿಗಳವರೆಗೆ ಓರೆಯಾಗಿ ನೀರನ್ನು ಹೊಕ್ಕ ಕಿರಣಗಳೆಲ್ಲ ಹೀಗೆ ಸೆರೆಯಾಗುತ್ತವೆ. ತೊಟ್ಟಿಯು ತಾನೇ ಒಂದು ಬೆಳಕಿನ ಕೊಳವೆಯಾಗುವುದರಿಂದ, ವಾಸ್ತವದಲ್ಲಿ ತಳಕ್ಕೆ ಸಿಕ್ಕುವ ಬೆಳಕು ಮೇಲಿನ ಲೆಕ್ಕಕ್ಕಿಂತ ಎಷ್ಟೋ ಉತ್ತಮವಾಗಿರುವುದುಂಟು. ಗಾಜಿನ ಒಳಮೈಯಲ್ಲಿ ಪಾಚಿಯೋ ನಸುಗೆಂಪು ಸುಣ್ಣದ ಶೈವಲವೋ ಹಬ್ಬಿದರೆ ಈ ಉಪಕಾರ ಅಷ್ಟರಮಟ್ಟಿಗೆ ತಪ್ಪುತ್ತದೆ. ಹಿಂಬದಿಯ ಗಾಜಿಗೆ ಕಪ್ಪು ಬಣ್ಣ ಬಳಿದರೂ ಅಷ್ಟೆ. ಸಾರ್ವಜನಿಕ ಪ್ರದರ್ಶನಾಲಯಗಳಲ್ಲಂತೂ ತೊಟ್ಟಿಯ ಮೂರು ಗೋಡೆಗಳು ಕಾಂಕ್ರೀಟಿನವಾಗಿದ್ದು, ನೋಡುವ ಕಿಟಕಿ ಮಾತ್ರ ಪಾರದರ್ಶಕವಾಗಿರುವುದರಿಂದ, ಚಿಕ್ಕ ತೊಟ್ಟಿಯ ಅನುಭವವನ್ನು ನಂಬಿ ದೀಪಗಳ ಸಂಖ್ಯೆಯನ್ನು ನಿರ್ಣಯಿಸಿದವರು ನಿರಾಶರಾಗುವುದು ಸಹಜ.

ತಳದಲ್ಲಿ ಬೆಳಕು ಕಡಮೆಯಾದುದಕ್ಕೆ ನೀರನ್ನೇ ದೂಷಿಸುವ ಅಭ್ಯಾಸವೊಂದಿದೆ. ಇದು ಅರ್ಧಸತ್ಯ. ಶುದ್ಧ ಜಲವು 450 ನ್ಯಾನೊಮೀಟರಿನ ನೀಲಿಬೆಳಕಿನಲ್ಲಿ ಒಂದು ಮೀಟರಿಗೆ ಹೀರುವುದು ಸುಮಾರು ನೂರಕ್ಕೆ ಒಂದು ಪಾಲು. 650 ನ್ಯಾನೊಮೀಟರಿನ ಕೆಂಪಿನಲ್ಲಿ ಸುಮಾರು ನೂರಕ್ಕೆ 29. ಅಂದಮೇಲೆ ಒಂದು ಮೀಟರು ಆಳದ ತೊಟ್ಟಿಯಲ್ಲಿ ನೀಲಿಯು ಕುಂದಿದ್ದರೆ ಅದರ ಕಾರಣ ರೇಖಾಗಣಿತದಲ್ಲಿದೆ, ಜಲದಲ್ಲಿಲ್ಲ. ಅಥವಾ ಆ ಜಲವು ಶುದ್ಧವಾಗಿಲ್ಲ. ಹಳೆಯ ತೊಟ್ಟಿಗಳ ನೀರಿನಲ್ಲಿ ಜೈವಿಕ ಪದಾರ್ಥಗಳು ಕೊಳೆತು ತಿಳಿಹಳದಿ ಛಾಯೆ ಮೂಡುತ್ತದೆ. ಆ ಹಳದಿಯು ಹೀರುವುದು ಹವಳಕ್ಕೆ ಅತ್ಯವಶ್ಯವಾದ ನೀಲಿಯನ್ನೇ. ಇದ್ದಿಲಿನ ಶೋಧಕವೊಂದನ್ನು ಇರಿಸಿದರೆ ನೀಗುವ ಈ ದೋಷಕ್ಕಾಗಿ ಹೊಸ ದೀಪಗಳನ್ನು ಕೊಳ್ಳುವುದು ವ್ಯರ್ಥವ್ಯಯ.

ದೊಡ್ಡ ತೊಟ್ಟಿಗಳನ್ನು ಬೆಳಗಿದ ಕ್ರಮಗಳ ಚರಿತ್ರೆಯನ್ನು ನೋಡಿದರೆ, ಪ್ರತಿಯೊಂದು ಕಾಲದ ದೀಪವೂ ತನಗೆ ತಕ್ಕ ನೆಲೆಯನ್ನು ತಾನೇ ವಿಧಿಸಿಕೊಂಡು ಬಂದಿರುವುದು ಕಾಣಬರುತ್ತದೆ. ಮೊದಲನೆಯ ದೀಪ ಸೂರ್ಯನೇ. 1960ರ ದಶಕದ ಆದಿಯಲ್ಲಿ ಜಕಾರ್ತದ ಲೀ ಚಿನ್ ಎಂಗ್ ಅವರು ಜೀವಿಗಳು ನೆಲಸಿರುವ ಸಮುದ್ರದ ‘ಜೀವಂತ ಕಲ್ಲು’, ಸಮುದ್ರದ ನೀರು, ಗಾಳಿಗುಳ್ಳೆ, ಎಳೆಬಿಸಿಲು ಇಷ್ಟರಿಂದಲೇ ತೊಟ್ಟಿಯಲ್ಲಿ ಹವಳವನ್ನು ಬದುಕಿಸಿದ ಪದ್ಧತಿಯು ಲೋಕದ ಹವ್ಯಾಸಿಗಳನ್ನು ಬೆರಗುಗೊಳಿಸಿತು. ಆಸ್ಟ್ರೇಲಿಯದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ತೆರೆದ ಗ್ರೇಟ್ ಬ್ಯಾರಿಯರ್ ರೀಫ್ ಅಕ್ವೇರಿಯಂನವರು 25 ಲಕ್ಷ ಲೀಟರಿನ ಹವಳದ ಕೊಳವನ್ನು ಆಕಾಶಕ್ಕೇ ತೆರೆದಿಟ್ಟರು. ಸಹಜ ಹವಳದಿಬ್ಬವು ಇರುವ ಅಕ್ಷಾಂಶದಲ್ಲಿಯೇ ಇರುವವರಿಗೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಇದನ್ನೇ ಉತ್ತರದೇಶಗಳವರು ಅನುಕರಿಸಹೊರಟಾಗ ತೊಡಕು ಎದುರಾಯಿತು. ಅಮೆರಿಕದ ಅರಿಜೋನದಲ್ಲಿ 1991ರಲ್ಲಿ ಎಂಟು ಮಂದಿಯನ್ನು ಒಳಗಿರಿಸಿ ಬಾಗಿಲು ಮುಚ್ಚಿದ ಬಯೋಸ್ಫಿಯರ್ 2 ಎಂಬ ಗಾಜಿನ ಮಹಾಗೃಹದೊಳಗಿನ ಕೃತಕ ಸಮುದ್ರದಲ್ಲಿ ಹವಳದ ದಿಬ್ಬವೂ ಇತ್ತು. ಮರುಭೂಮಿಯ ಪ್ರಖರ ಸೂರ್ಯನಿದ್ದರೂ ಗಾಜು ಮತ್ತು ಉಕ್ಕಿನ ಹಂದರಗಳೇ ಸುಮಾರು ಅರ್ಧದಷ್ಟು ಬೆಳಕನ್ನು ತಡೆದುಬಿಟ್ಟವು, ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ತಗ್ಗಿದಾಗ ಕೊರತೆ ಇನ್ನೂ ಹೆಚ್ಚಿತು. ಓರೆಬೆಳಕು ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ವ್ಯರ್ಥವಾಗುವುದೂ ಉಂಟು: ಲಂಬದಿಂದ 60 ಡಿಗ್ರಿ ಓರೆಯಲ್ಲಿ ನೂರಕ್ಕೆ ಆರರಷ್ಟಿರುವ ಈ ನಷ್ಟವು 80 ಡಿಗ್ರಿಯಲ್ಲಿ ಮೂರನೆಯ ಒಂದು ಪಾಲನ್ನು ಮೀರುತ್ತದೆ. ಸಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯ ಅಕಾಡೆಮಿಯವರು 2008ರಲ್ಲಿ ತೆರೆದ ತಮ್ಮ ಹೊಸ ಭವನದಲ್ಲಿ ಫಿಲಿಪ್ಪೀನ್ಸಿನ ಹವಳದಿಬ್ಬವನ್ನು ತೋರಿಸಲು 25 ಅಡಿ ಆಳದ, ಸುಮಾರು 8 ಲಕ್ಷ ಲೀಟರಿನ ತೊಟ್ಟಿಯನ್ನು ನಿರ್ಮಿಸಿದಾಗ ಸೂರ್ಯನೊಬ್ಬನನ್ನೇ ನಂಬಲಿಲ್ಲ. ಮಾಡಿನ ಬೆಳಕಿಂಡಿಗಳ ಜತೆಗೆ ಬಲವಾದ ದೀಪಗಳನ್ನೂ ಸೇರಿಸಿಕೊಂಡರು. ನನ್ನ ಎಣಿಕೆಯಲ್ಲಿ ಇದು ವಿವೇಕದ ಮಾರ್ಗ.

ಕೃತಕ ದೀಪಗಳಲ್ಲಿ ಬಹುಕಾಲ ಮೆರೆದುದು ಮೆಟಲ್ ಹ್ಯಾಲೈಡ್. 250, 400, ದೊಡ್ಡ ಪ್ರದರ್ಶನಾಲಯಗಳಲ್ಲಿ 1000 ವಾಟಿನವರೆಗಿನ ಈ ದೀಪವು ಸಣ್ಣ ಕೊಳವೆಯೊಂದರಿಂದ ಉರಿಯುವುದರಿಂದ ಬಿಂದುದೀಪದ ಗುಣದೋಷಗಳೆರಡೂ ಅದರಲ್ಲಿದ್ದವು. ಅಲೆಯಾಡುವ ಮೇಲ್ಮೈ ಮಸೂರದಂತೆ ವರ್ತಿಸಿ ಮರಳಿನ ಮೇಲೆ ಬೆಳಕಿನ ಬಲೆಯನ್ನು ತೂಗಾಡಿಸುವ ಸೊಗಸು ಇದರಿಂದ ದೊರೆಯಿತು. ಜತೆಗೆ ಕಡುನೆರಳೂ ಕಡುತಾಪವೂ ದೊರೆತವು. ಎರಡಡಿಗೊಂದು ದೀಪ, ನೀರಿನಿಂದ ಒಂದಡಿ ಎತ್ತರ ಎಂಬ ಸೂತ್ರ ಆಗ ಪ್ರಚಲಿತವಾಗಿದ್ದುದು ದೀಪದ ಪ್ರತಿಫಲಕಗಳು ಸುಮಾರು ಅಷ್ಟೇ ಅಗಲವನ್ನು ಬೆಳಗುತ್ತಿದ್ದುದರಿಂದ. ಒಂದಡಿಗಿಂತ ತಗ್ಗಿಸಿದರೆ ನೀರು ಕಾಯುವ ಭಯ, ಉಪ್ಪುನೀರು ಚಿಮ್ಮಿ ಕಾದ ಗಾಜು ಒಡೆಯುವ ಭಯ. ಇದಕ್ಕೆ ಪ್ರತಿಯಾಗಿ ಟ್ಯೂಬ್‌ಲೈಟುಗಳು ರೇಖಾರೂಪದ ದೀಪಗಳು. ಅವುಗಳನ್ನು ಒತ್ತೊತ್ತಾಗಿ ಜೋಡಿಸಿ ತೊಟ್ಟಿಯ ಬಾಯಿಯನ್ನೇ ಮುಚ್ಚುವಂತೆ ಹಾಸಿದರೆ ಅದು ದೀಪವೆನ್ನುವುದಕ್ಕಿಂತ ಮೋಡ ಕವಿದ ಆಕಾಶವೆನ್ನುವುದು ಸರಿ. ಬೆಳಕು ಎಲ್ಲ ದಿಕ್ಕಿನಿಂದಲೂ ಬರುವುದರಿಂದ ನೆರಳು ಮೆತ್ತಗಾಗುತ್ತದೆ, ಆಳಕ್ಕಿಳಿದಂತೆ ಕುಂದುವ ವೇಗವೂ ಬಿಂದುದೀಪಕ್ಕಿಂತ ಕಡಮೆ. ಕೊರತೆಯೆಂದರೆ ನೋಟ ಸಪ್ಪೆ, ಅಲೆಯ ಮಿನುಗಿಲ್ಲ. ಹವಳ ಸಾಕುವವರು ಎಷ್ಟೋ ಮಂದಿ ಬೆಳವಣಿಗೆಗಾಗಿ ಟ್ಯೂಬ್‌ಲೈಟನ್ನು ಹೊಗಳಿ, ಸೊಗಸಿಗಾಗಿ ಹ್ಯಾಲೈಡನ್ನು ತೂಗಿಸಿದ್ದಾರೆ.

ಮೂರನೆಯದು ಇಂದಿನ ಎಲ್‌ಇಡಿ. ಪ್ರಕಾಶಮಾನವಾದ ನೀಲಿ ಎಲ್‌ಇಡಿಯ ನಿರ್ಮಾಣಕ್ಕಾಗಿ ಅಕಸಾಕಿ, ಅಮಾನೊ, ನಾಕಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆತುದನ್ನು ವಾಚಕರು ಬಲ್ಲರು. ಆ ನೀಲಿಯೇ ಹವಳದ ತೊಟ್ಟಿಗೆ ಬೇಕಾಗಿದ್ದ ನೀಲಿ. ಈ ದೀಪದಲ್ಲಿ ಬೆಳಕಿನ ಕೋನವನ್ನು ಮಸೂರದಿಂದ ನಮ್ಮ ಇಷ್ಟದಂತೆ ಆರಿಸಿಕೊಳ್ಳಬಹುದು. 90 ಡಿಗ್ರಿ ಮಸೂರದ ದೀಪವು ನೀರಿನಿಂದ 30 ಸೆಂಟಿಮೀಟರು ಮೇಲಿದ್ದರೆ ಮೇಲ್ಮೈಯಲ್ಲಿ 60 ಸೆಂಟಿಮೀಟರು ಅಗಲದ ವೃತ್ತವನ್ನು ಬೆಳಗುತ್ತದೆ. 60ಕ್ಕೇರಿಸಿದರೆ ವೃತ್ತದ ಅಗಲ 120 ಆಗಿ, ಅದೇ ಬೆಳಕು ನಾಲ್ಕು ಪಟ್ಟು ವಿಸ್ತೀರ್ಣಕ್ಕೆ ಹಂಚಿಹೋಗುತ್ತದೆ. ಈ ನಾಲ್ಕನೆಯ ಒಂದನ್ನು ಕಂಡು ಹೆದರಿ ದೀಪವನ್ನು ಮತ್ತೆ ಕೆಳಗಿಳಿಸುವವರು ಅನೇಕರು. ಆದರೆ ದೊಡ್ಡ ತೊಟ್ಟಿಯ ಮೇಲೆ ದೀಪವು ಒಂಟಿಯಾಗಿರುವುದಿಲ್ಲ. ಪ್ರತಿ ದೀಪದ ವೃತ್ತವೂ ನೆರೆಯ ದೀಪಗಳ ವೃತ್ತಗಳೊಳಗೆ ಹೊಕ್ಕು, ಒಂದು ಬಿಂದುವನ್ನು ನಾಲ್ಕು ದೀಪಗಳು ನಾಲ್ಕು ಕಡೆಗಳಿಂದ ಬೆಳಗುತ್ತವೆ. ಮೊತ್ತವು ಹೆಚ್ಚುಕಡಮೆ ಅಷ್ಟೇ ಉಳಿದು ನೆರಳು ಮಾತ್ರ ಕರಗುತ್ತದೆ. ಎಲ್‌ಇಡಿಯನ್ನು ತಗ್ಗಿಸಿ ತೂಗಿಸಿದಾಗ ಬೇರೆ ಬೇರೆ ಬಣ್ಣದ ಬಿಂದುಗಳ ಬೆಳಕು ಬೆರೆಯದೆ, ಮರಳಿನ ಮೇಲೆ ಕೆಂಪು ಹಸುರು ನೀಲಿಯ ತುಣುಕುಗಳು ಕುಣಿಯುವ ಒಂದು ಅಪಹಾಸ್ಯಕರ ದೃಶ್ಯವೂ ಉಂಟಾಗುತ್ತದೆ. ಎತ್ತರವೊಂದೇ, ಇಲ್ಲವೆ ಬೆಳಕನ್ನು ಚದರಿಸುವ ಮಬ್ಬುಫಲಕವೊಂದೇ ಅದಕ್ಕೆ ಮದ್ದು.

ನೆರಳಿನ ಮಾತನ್ನು ಇನ್ನಷ್ಟು ಹೇಳಬೇಕು. ಕವಲುಹವಳವು ಬೆಳೆದಂತೆ ಮೇಲಿನ ರೆಂಬೆಗಳು ಕೆಳಗಿನವುಗಳ ಬೆಳಕನ್ನು ಕಸಿಯುತ್ತವೆ. ಬೆಳಕು ಒಂದೇ ಬಿಂದುವಿನಿಂದ ಬರುತ್ತಿದ್ದರೆ ಬುಡದ ಜೀವಾಂಶವು ಬಿಳಿಚಿ ಸತ್ತು, ತುದಿ ಮಾತ್ರ ಹಸನಾಗಿರುವ ವಿಕಾರ ಕಾಣಿಸಿಕೊಳ್ಳುತ್ತದೆ. ಸಮುದ್ರದಲ್ಲಿ ಸೂರ್ಯನು ಬೆಳಗಿನಿಂದ ಸಂಜೆಯವರೆಗೆ ಸಂಚರಿಸುವುದರಿಂದಲೂ, ಆಕಾಶವೇ ಒಂದು ದೀಪವಾಗಿರುವುದರಿಂದಲೂ, ಬಿಳಿಯ ಮರಳು ಕೆಳಗಿನಿಂದ ಬೆಳಕನ್ನು ಹಿಂದಿರುಗಿಸುವುದರಿಂದಲೂ ಯಾವ ಮೈಯೂ ಸದಾ ಕತ್ತಲೆಯಲ್ಲಿರುವುದಿಲ್ಲ. ಇದನ್ನನುಸರಿಸಿ ದೀಪಗಳನ್ನು ಹಳಿಯ ಮೇಲೆ ಮೋಟಾರಿನಿಂದ ಅತ್ತಿಂದಿತ್ತ ಚಲಿಸುವಂತೆ ಮಾಡಿದವರೂ ಇದ್ದರು. ಯಂತ್ರವು ಉಪ್ಪಿನ ಗಾಳಿಗೆ ತುಕ್ಕುಹಿಡಿಯುವುದೆಂಬುದನ್ನು ಬಿಟ್ಟರೆ ಯುಕ್ತಿ ಒಳ್ಳೆಯದೇ. ಆದರೆ ಅದೇ ಫಲವು ಎರಡು ಮೂರು ಸಾಲು ಸಣ್ಣ ದೀಪಗಳನ್ನು ಬೇರೆ ಬೇರೆ ಹೊತ್ತಿಗೆ ಉಜ್ವಲಗೊಳಿಸುವುದರಿಂದ ಸಿಕ್ಕುವಾಗ ಚಲನೆಯ ತೊಂದರೆ ಏಕೆ? ತೊಟ್ಟಿಯ ಮೇಲಂಚನ್ನು ಬಿಗಿಯುವ ಅಡ್ಡಪಟ್ಟಿಗಳ ನೆರಳನ್ನು ಮಾತ್ರ ಯಾವ ದೀಪವೂ ತಪ್ಪಿಸಲಾರದಾದ್ದರಿಂದ, ಅವುಗಳ ಸ್ಥಾನವನ್ನು ಗಮನಿಸಿ, ಎರಡು ಪಟ್ಟಿಗಳ ನಡುವಣ ಬಯಲಿನ ಮೇಲೆ ಒಂದೊಂದು ದೀಪ ಬರುವಂತೆ ಅಂತರವನ್ನು ನಿರ್ಣಯಿಸುವುದು ಲೇಸು.

ಇನ್ನು ನೋಡುವವನ ಕಣ್ಣು. ಹವಳಕ್ಕೆ ಹಿತವಾದ ನೆಲೆಯೇ ಪ್ರೇಕ್ಷಕನಿಗೂ ಹಿತವಾಗಿರಬೇಕೆಂಬ ನಿಯಮವಿಲ್ಲ. ದೀಪವು ಹಿಂಬದಿಗೆ ಸರಿದಿದ್ದರೆ ನಮಗೆ ಕಾಣುವ ಮೈ ನೆರಳಿನಲ್ಲಿದ್ದು ದಿಬ್ಬವೆಲ್ಲ ಕಪ್ಪು ಆಕೃತಿಯಾಗಿ ತೋರುತ್ತದೆ. ಮಂಗಳಾರತಿ ಎತ್ತುವ ಅರ್ಚಕನು ತಟ್ಟೆಯನ್ನು ಮೂರ್ತಿಯ ಮುಂದೆ ಹಿಡಿಯುತ್ತಾನೆಯೇ ಹೊರತು ಬೆನ್ನ ಹಿಂದೆ ಅಲ್ಲ. ಆದುದರಿಂದ ದೀಪಗಳ ಮುಖ್ಯ ಸಾಲನ್ನು ತೊಟ್ಟಿಯ ನಡುಗೆರೆಗಿಂತ ತುಸು ಮುಂದಕ್ಕೆ ತಂದು, ಒಂದಿಷ್ಟು ಹಿಂದಕ್ಕೆ ಓರೆಯಾಗಿಸುವುದು ವಾಡಿಕೆ. ಹವಳವೂ ಬೆಳಕಿನ ಕಡೆಗೆ, ಎಂದರೆ ನಮ್ಮ ಕಡೆಗೇ, ಬೆಳೆಯುತ್ತದೆಂಬುದು ಇದರ ಮತ್ತೊಂದು ಲಾಭ. ಆದರೆ ಬಹಳ ಮುಂದೆ ತಂದರೆ ಮುಂಗಾಜಿನ ಮೇಲೆ ಪಾಚಿ ಹುಲುಸಾಗುತ್ತದೆ, ಉಜ್ಜುವ ಕೆಲಸ ನಿತ್ಯವಾಗುತ್ತದೆ. ಮಿತಿಮೀರಿದ ಓರೆಯಿಂದ ಬೆಳಕು ಗಾಜನ್ನು ದಾಟಿ ಪ್ರೇಕ್ಷಕರ ಕಣ್ಣಿಗೂ ಬಡಿಯುತ್ತದೆ.

ತೂಗಿಸುವ ಕೆಲಸದಲ್ಲಿ ಗಮನಿಸಬೇಕಾದುದು ಒಂದೇ: ತೊಟ್ಟಿಯೊಳಗೆ ಕೈಯಿಡಬೇಕಾದವನು ದೀಪವನ್ನು ಸರಿಸಲಾರದಂತಿದ್ದರೆ ಆ ತೊಟ್ಟಿಯ ಆರೈಕೆ ಕೆಡುತ್ತದೆ. ಆದುದರಿಂದ ರಾಟೆಯಿಂದ ಮೇಲಕ್ಕೆಳೆಯುವಂತಹ ಚೌಕಟ್ಟು ಇರಲಿ. ತಂತಿ ತುಕ್ಕುಹಿಡಿಯದ ಉಕ್ಕಿನದಾಗಿರಲಿ. ಉಪ್ಪುನೀರಿನ ಮೇಲೆ ಮನೆಯ ವಿದ್ಯುತ್ತು ತೂಗುತ್ತಿರುವುದನ್ನು ನೆನೆದು, ಸೋರಿಕೆಯಾದೊಡನೆ ಕಡಿದುಹಾಕುವ ಬ್ರೇಕರ್ ಒಂದನ್ನು ಇಟ್ಟಿರಲೇಬೇಕು.

ಅಳತೆಯನ್ನು ಕಣ್ಣಿಗೆ ಬಿಡಬಾರದು. ನಮ್ಮ ಕಣ್ಣು ಹಸುರು ಹಳದಿಗಳಿಗೆ ಹೆಚ್ಚು ಚುರುಕಾದುದರಿಂದ ನೀಲಿದೀಪದ ಬಲವನ್ನು ಅದು ಕಡಮೆಯೆಂದೇ ಎಣಿಸುತ್ತದೆ. ಲಕ್ಸ್ ಮೀಟರು ಸಹ ಮನುಷ್ಯನ ಕಣ್ಣಿಗೆ ಅನುಗುಣವಾಗಿ ಮಾಡಿದ್ದಾದುದರಿಂದ ಅದೇ ಭ್ರಮೆಗೆ ಒಳಗಾಗುತ್ತದೆ. ಫೋಟಾನುಗಳನ್ನೇ ಎಣಿಸುವ, ನೀರಿನೊಳಗೆ ಮುಳುಗಿಸಬಹುದಾದ ಕ್ವಾಂಟಮ್ ಮೀಟರಿನಿಂದ, ಪಂಪುಗಳು ನಡೆಯುತ್ತಿರುವಾಗಲೇ, ತೊಟ್ಟಿಯನ್ನು ಮನಸ್ಸಿನಲ್ಲಿ ಚೌಕಗಳಾಗಿ ವಿಭಾಗಿಸಿ ಒಂದೊಂದರಲ್ಲೂ ಎರಡು ಮೂರು ಆಳಗಳಲ್ಲಿ ಅಳೆದು ಬರೆದಿಟ್ಟುಕೊಂಡರೆ, ದೀಪವನ್ನು ಎತ್ತಬೇಕೋ ಸರಿಸಬೇಕೋ ಎಂಬುದು ಆ ಅಂಕಿಗಳಿಂದಲೇ ತಿಳಿಯುತ್ತದೆ. ತಿದ್ದುಪಡಿಯನ್ನು ಒಂದೇ ದಿನದಲ್ಲಿ ಮಾಡದೆ ವಾರಗಳ ಮೇಲೆ ಹರಡಬೇಕು. ಮಬ್ಬಿಗೆ ಒಗ್ಗಿದ ಹವಳದ ಶೈವಲಗಳು ಹಠಾತ್ತಾದ ಪ್ರಖರತೆಯನ್ನು ಸಹಿಸಲಾರವು.

ಎಲ್ಲ ಹವಳವೂ ತಿಳಿನೀರಿನ ಉರಿಬಿಸಿಲನ್ನೇ ಬಯಸುವುದೆಂಬ ಕಲ್ಪನೆಯನ್ನೂ ಇಲ್ಲಿ ಬಿಡಬೇಕು. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಮಳೆಗಾಲದುದ್ದಕ್ಕೂ ಕದಡಿದ ಅರಬ್ಬೀ ಸಮುದ್ರದಲ್ಲಿ ಅವು ತಮ್ಮ ಕಾಲವನ್ನು ಕಳೆಯಬೇಕು. ಗಟ್ಟಿಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿರುವುದರಿಂದ, ಅವುಗಳನ್ನು ಕಿತ್ತು ತೊಟ್ಟಿಗೆ ತರುವ ಆಲೋಚನೆಯೇ ಅಪರಾಧದ ದಾರಿ. ಇಲ್ಲಿಯ ಉತ್ಸಾಹಿಗಳು ಈ ಮಾತನ್ನು ದೀಪ ಕೊಳ್ಳುವ ಮೊದಲೇ ತಿಳಿದಿರುವುದು ಒಳ್ಳೆಯದು.

ಕೊನೆಯದಾಗಿ ರಾತ್ರಿಯ ಬೆಳಕು. ಗ್ರೇಟ್ ಬ್ಯಾರಿಯರ್ ರೀಫಿನ ಹವಳಗಳು ವರ್ಷದ ಕೆಲವೇ ರಾತ್ರಿಗಳಲ್ಲಿ, ಹುಣ್ಣಿಮೆಯ ಬಳಿಕ, ಸಾಮೂಹಿಕವಾಗಿ ಅಂಡರೇತಸ್ಸುಗಳನ್ನು ಬಿಡುಗಡೆ ಮಾಡುವುವೆಂಬುದು 1984ರಲ್ಲಿ ಲೋಕಕ್ಕೆ ತಿಳಿಯಿತು. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಮ್ಮಿನಲ್ಲಿ ಜೇಮೀ ಕ್ರಾಗ್ಸ್ ಮತ್ತು ಅವರ ಸಂಗಡಿಗರು ಋತುಗಳ ಹಗಲಿನ ಉದ್ದ, ನೀರಿನ ಉಷ್ಣತೆ, ಚಂದ್ರನ ವೃದ್ಧಿಕ್ಷಯಗಳನ್ನು ಗಣಕಯಂತ್ರದಿಂದ ಅನುಕರಿಸಿ, ಮುಚ್ಚಿದ ತೊಟ್ಟಿಯಲ್ಲಿಯೇ ಆ ಪ್ರಸವವನ್ನು ನಿರೀಕ್ಷಿತ ಕಾಲದಲ್ಲಿ ಆಗಮಾಡಿ 2017ರಲ್ಲಿ ಪ್ರಕಟಿಸಿದರು. ಅವರ ಸಹಕಾರದಿಂದ ಫ್ಲಾರಿಡ ಅಕ್ವೇರಿಯಂನವರು 2019ರಲ್ಲಿ ಅಳಿವಿನಂಚಿನ ಕಂಬಹವಳದಿಂದ ಅದೇ ಫಲವನ್ನು ಪಡೆದರು. ಈ ಕೆಲಸದಲ್ಲಿ ಚಂದ್ರದೀಪವನ್ನು ಎಲ್ಲಿ ತೂಗಿಸಿದರೆಂಬುದಕ್ಕಿಂತ ಬೇರೆ ಬೆಳಕುಗಳನ್ನು ಎಲ್ಲಿಂದ ತೊಲಗಿಸಿದರೆಂಬುದು ಮುಖ್ಯ. ಬಾಗಿಲ ಸಂದಿನ ಬೆಳಕು, ಪಕ್ಕದ ಕೋಣೆಯ ದೀಪ, ಯಂತ್ರಗಳ ಮೇಲೆ ಮಿನುಗುವ ಸಣ್ಣ ಸೂಚಕಗಳು, ಇವೆಲ್ಲವೂ ಹವಳದ ಪಾಲಿಗೆ ತಪ್ಪು ಚಂದ್ರರೇ ಆಗಬಲ್ಲವು. ಪ್ರಸವವನ್ನು ಬಯಸದ ಮನೆಯ ಯಜಮಾನನಿಗೆ ಇಷ್ಟು ಕಟ್ಟುನಿಟ್ಟು ಬೇಡವಾದರೂ, ಹಗಲಿನ ದೀಪ ಆರಿದ ಮೇಲೆ ಅಲಂಕಾರಕ್ಕೆಂದು ರಾತ್ರಿಯಿಡೀ ನೀಲಿದೀಪವನ್ನು ಉರಿಸುವ ಚಾಳಿಯನ್ನು ಬಿಡಬೇಕೆಂದೂ, ಸಂಜೆಯ ನೋಟಕ್ಕೆ ಒಂದೆರಡು ಗಂಟೆಯ ಮಂದ ನೀಲಿ ಸಾಕೆಂದೂ ಹೇಳಬಹುದಾಗಿದೆ.